ಒಂದು ಗೇಣು ಕೆಳಗೆ

ಕಾಲುವೆಯ ಕೊನೆಯಲ್ಲಿ ಗೋಡೆಗೆ ಕೂರಿಸಿದ್ದ ಅಳತೆ ಪಟ್ಟಿಯನ್ನು ಬಿಚ್ಚಿ, ಒಂದು ಗೇಣು ಕೆಳಗೆ ಇಳಿಸಿ, ಮತ್ತೆ ಕೂರಿಸಿದರು. ಅಂದಿನಿಂದ ಕೊನೆಯ ಗದ್ದೆಗಳಿಗೆ ನೀರು ಸಾಕಷ್ಟು ಹೋಗುತ್ತಿದೆ.

ಪಟ್ಟಿ ಓದುವುದು ಅವಳ ಕೆಲಸ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ದಡದ ಮೆಟ್ಟಿಲಿಳಿದು, ಬಿಳಿ ತಗಡಿನ ಯಾವ ಗೆರೆಗೆ ನೀರು ತಾಗಿದೆ ಎಂದು ನೋಡಿ, ಇಲಾಖೆ ಕೊಟ್ಟ ಕೋಣೆಗೆ ಬಂದು ಕಚೇರಿಗೆ ಫೋನ್ ಮಾಡಿ ಹೇಳಬೇಕು. ತಗಡಿನ ತುದಿಯ ಹತ್ತಿರ ಒಂದು ಕೆಂಪು ಗೆರೆ. ನೀರು ಅದನ್ನು ಮುಟ್ಟಿದರೆ ಕೊನೆಯ ಗದ್ದೆಯವರಿಗೆ ಸೇರಬೇಕಾದ್ದು ಸೇರಿತು ಎಂದು ಲೆಕ್ಕ. ಆಮೇಲೆ ನೀರನ್ನು ಮೇಲ್ಭಾಗದ ಕಬ್ಬಿನ ಕಡೆಗೆ ತಿರುಗಿಸಲು ಯಾರ ಅಡ್ಡಿಯೂ ಇಲ್ಲ. ಮೊದಲೆಲ್ಲ ಕೆಂಪು ಗೆರೆ ನೀರಿನ ಮೇಲೆ ಒಣಗಿಕೊಂಡೇ ಇರುತ್ತಿತ್ತು. ಕೊನೆಯವರು ಕಚೇರಿಗೆ ಹೋಗಿ ಗಲಾಟೆ ಮಾಡುತ್ತಿದ್ದರು. ಕಚೇರಿಯವರಿಗೂ ಸಾಕಾಗಿತ್ತು. ಈಗ ಗೆರೆ ಒದ್ದೆಯಾಗುತ್ತದೆ. ಕೊನೆಯವರು ಗಲಾಟೆ ಮಾಡಿದರೆ ಕಚೇರಿಯವರು ಆಶ್ಚರ್ಯಪಡುತ್ತಾರೆ. ಕಚೇರಿಯವರು ಪಟ್ಟಿಗೆ ಗೇಜು ಎನ್ನುವುದರಿಂದ ಅವಳನ್ನು ಎಲ್ಲರೂ ಗೇಜಮ್ಮ ಎನ್ನುತ್ತಾರೆ. ಮದುವೆಯಾಗದೆ ಅಮ್ಮ ಅನ್ನಿಸಿಕೊಂಡದ್ದು ಈ ಪಟ್ಟಿಯಿಂದಲೇ ಎಂದು ಅತ್ತಿಗೆ ನಾಲ್ಕು ಜನರ ಮುಂದೆ ಹೇಳಿ ನಗಿಸಿದ್ದಳು. ಅವಳೂ ನಕ್ಕಿದ್ದಳು.

ಇವತ್ತು ಮೇಲಿನ ಕಚೇರಿಯಿಂದ ದೊಡ್ಡ ಸಾಹೇಬರು ಬರುತ್ತಾರೆ. ಕೊನೆಯವರು ಅರ್ಜಿ ಹಾಕಿದ್ದಾರಂತೆ, ನೀರು ಬಂದಿಲ್ಲ ಎಂದು. ಸಾಹೇಬರು ದಡದ ಮೇಲೆ ನಿಲ್ಲುತ್ತಾರೆ. ಅವಳು ಮೆಟ್ಟಿಲಿಳಿದು ಅಳತೆಯನ್ನು ಕೂಗಿ ಹೇಳಬೇಕು. ಇದು ಇಲಾಖೆಯ ಹಳೆಯ ಪದ್ಧತಿ. ಯಾವ ಕಾಲದಲ್ಲೋ ಯಾರೋ ಅಧಿಕಾರಿ ಗಾಡಿಯಿಂದಿಳಿಯದೆ ಅಳತೆ ಬರೆದುಕೊಂಡು ಹೋದದ್ದಕ್ಕೆ ಗದ್ದೆಯವರು ಗಾಡಿಯನ್ನೇ ಕಾಲುವೆಗೆ ತಳ್ಳಿದ್ದರಂತೆ. ಅಲ್ಲಿಂದ ಪಟ್ಟಿ ಓದುವವರೇ ಬಾಯಿಬಿಟ್ಟು ಕೂಗಬೇಕು, ಮೇಲಿನವರು ಕಿವಿಯಾರೆ ಕೇಳಬೇಕು. ಅರ್ಜಿ ಬಿದ್ದ ಮೇಲೆ ಫೋನಿನ ಲೆಕ್ಕ ಸಾಲದು, ಕೂಗು ಬೀಳದೆ ಕೊನೆಯವರ ಸರದಿ ಮುಗಿಯುವುದಿಲ್ಲ, ಈ ಕಡೆಯ ನೀರು ನಿಲ್ಲಿಸುವ ಗೇಟು ಇಳಿಯುವುದಿಲ್ಲ. ಇವತ್ತು ಕೂಗು ಬಿದ್ದರೆ ಸಂಜೆಗೆ ಗೇಟು ಇಳಿಯುತ್ತದೆ. ಅದರಲ್ಲಿ ಅವಳ ಪಾಲು ಏನೂ ಇಲ್ಲ. ಪಟ್ಟಿಯ ಮೇಲೆ ಇದ್ದದ್ದನ್ನು ಹೇಳುವುದು. ಇಲ್ಲದ್ದನ್ನು ಅವಳು ಯಾವತ್ತೂ ಹೇಳಿಲ್ಲ. ಬೆಳಿಗ್ಗೆ ಮುಖ ತೊಳೆದುಕೊಳ್ಳುವಾಗಲೂ ಇದನ್ನೇ ಯೋಚಿಸುತ್ತಿದ್ದಳು, ಹಾಗೆ ಯೋಚಿಸುತ್ತ ಸೋಪನ್ನು ಎರಡು ಸಲ ಹಚ್ಚಿಕೊಂಡಿದ್ದಳು.

ತಲೆ ಬಾಚಿಕೊಳ್ಳುತ್ತಿದ್ದಾಗ ಅತ್ತಿಗೆ ಬಂದಳು. ಬಾಗಿಲು ತಟ್ಟುವ ಅಭ್ಯಾಸ ಅವಳಿಗಿಲ್ಲ, ಚಿಲಕ ಹಾಕಿದ್ದ ಬಾಗಿಲನ್ನು ಭುಜದಿಂದ ನೂಕಿ, ತೆರೆಯದೇ ಇದ್ದಾಗ, "ಒಳಗೆ ಏನು ಚಿನ್ನ ಕರಗಿಸ್ತಾ ಇದ್ದೀಯಾ?" ಎಂದಳು. ಇವಳು ಚಿಲಕ ತೆಗೆದ ಮೇಲೆ ಒಳಗೆ ಬಂದು ಹಾಸಿಗೆಯ ಅಂಚಿಗೆ ಕೂತು, ಸೆರಗಿನಿಂದ ಒಂದು ಭತ್ತದ ದಂಟು ತೆಗೆದಳು. ಕಂಕುಳಲ್ಲಿಟ್ಟುಕೊಂಡು ಬಂದದ್ದರಿಂದ ದಂಟು ಬೆಚ್ಚಗಿತ್ತು. ಉಗುರಿನಿಂದ ಅದನ್ನು ಸೀಳಿ, ಹಸಿರು ಸುರುಳಿಯೊಳಗೆ ಮಲಗಿದ್ದ ಎಳೆ ತೆನೆಯನ್ನು ತೋರಿಸಿದಳು. ತೆನೆ ಇನ್ನೂ ಬಣ್ಣ ಕಟ್ಟಿರಲಿಲ್ಲ, ಬಿಳಿಯ ದಾರದ ಹಾಗಿತ್ತು.

"ನೋಡು. ಹೊಡೆಗೆ ಬಂದಿದೆ."

"ಚೆನ್ನಾಗಿದೆ" ಎಂದಳು ಅವಳು. ಬೇರೇನು ಹೇಳಬೇಕೋ ತಿಳಿಯಲಿಲ್ಲ. ಹೊಡೆಗೆ ಬಂದ ಪೈರಿಗೆ ನೀರು ತಪ್ಪಿದರೆ ಬರೀ ಜಳ್ಳು ಎಂಬುದು ಅವಳಿಗೂ ಗೊತ್ತು. ಕಾಲುವೆಯ ಕೊನೆಗಿರುವ ಅಣ್ಣನ ಗದ್ದೆಯಲ್ಲಿ ಅವಳೂ ನಾಟಿ ಹಾಕಿದವಳು, ಕಳೆ ಕಿತ್ತವಳು, ಆ ಅನ್ನ ತಿಂದು ಇಷ್ಟು ವಯಸ್ಸಾದವಳು.

"ಚೆನ್ನಾಗಿರದೆ ಏನು? ನಿನ್ನ ಪಟ್ಟಿ ಪ್ರಕಾರ ನಾವೆಲ್ಲ ಮುಳುಗಿ ಸತ್ತು ಎಷ್ಟೋ ದಿನ ಆಗಿರಬೇಕಾಗಿತ್ತು ಕಣೆ. ನಿಮ್ಮಣ್ಣ ಈಜೋದು ಕಲಿಯೋಣ ಅಂತಿದ್ದಾರೆ."

"ಅತ್ತಿಗೆ, ಪಟ್ಟಿ ನಾನು ಇಳಿಸಿದ್ದಲ್ಲ."

"ನೀನು ಅಂತ ನಾನು ಅಂದೆನಾ?"

ಅಂದಿರಲಿಲ್ಲ. ಅದೇ ಕಷ್ಟ. ಅಂದಿದ್ದರೆ ಅವಳೂ ನಾಲ್ಕು ಮಾತು ತಿರುಗಿಸಿ ಅನ್ನಬಹುದಿತ್ತು, ಜಗಳವಾಗಿ ಹಗುರಾಗಬಹುದಿತ್ತು. ಬಾಚಣಿಗೆಯಲ್ಲಿ ಸಿಕ್ಕಿದ ಕೂದಲನ್ನು ಸುತ್ತುತ್ತ, ಪಟ್ಟಿ ಬಿಚ್ಚಿದ ಮಧ್ಯಾಹ್ನ ತಾನು ಹಿಡಿದುಕೊಂಡಿದ್ದು ಏನು ಎಂದು ನೆನೆದಳು. ಸ್ಕ್ರೂಗಳು. ಈ ಭಾಗದ ಕಾಲುವೆ ನೋಡಿಕೊಳ್ಳುವ ಸೆಕ್ಷನ್ ಆಫೀಸರು ಇಬ್ಬರು ಆಳುಗಳನ್ನು ಕರೆದುಕೊಂಡು ಬಂದಿದ್ದರು. ಬಿಚ್ಚಿದ ಸ್ಕ್ರೂಗಳು ನೀರಿಗೆ ಬೀಳಬಾರದೆಂದು ಅವಳು ಮೆಟ್ಟಿಲ ಮೇಲೆ ಅಂಗೈ ಒಡ್ಡಿ ನಿಂತಿದ್ದಳು, ಪ್ರಸಾದಕ್ಕೆ ನಿಂತವಳ ಹಾಗೆ. ಯಾಕೆ ಸಾರ್ ಎಂದು ಕೇಳಿದ್ದಕ್ಕೆ ಆಫೀಸರು, "ಹೂಳು ತುಂಬಿದೆಯಲ್ಲ ಅಕ್ಕ, ಕಾಲುವೆ ಬದಲಾದ ಹಾಗೆ ಪಟ್ಟಿಯೂ ಬದಲಾಗಬೇಕು" ಎಂದಿದ್ದರು. ಅದು ಅವಳಿಗೆ ಅರ್ಥವಾಗಿರಲಿಲ್ಲ. ಹೂಳು ತುಂಬಿದರೆ ಹೂಳು ತೆಗೆಯಬೇಕಲ್ಲವೇ ಎಂಬ ಮಾತು ಗಂಟಲವರೆಗೆ ಬಂದಿತ್ತು. ಆದರೆ ಓದಿದವರು ಅಕ್ಕ ಎಂದು ಕರೆದು ಇಷ್ಟು ವಿವರವಾಗಿ ಹೇಳುವಾಗ ಅರ್ಥವಾಗಲಿಲ್ಲ ಎಂದರೆ ಏನು ಚೆಂದ. ಪಟ್ಟಿಯ ಬುಡ ತಳದ ಕಲ್ಲಿಗೆ ತಾಗಿ ಇನ್ನು ಇಳಿಯದೇ ಹೋದಾಗ ಆಳುಗಳು ಉಳಿಯಿಂದ ಕಲ್ಲು ಕೊರೆದರು. ಪಟ್ಟಿಯ ಸೊನ್ನೆಯ ಗೆರೆ ನೆಲದೊಳಗೆ ಹೋಯಿತು. ಕೆಲಸ ಮುಗಿದ ಮೇಲೆ ಅವಳು ಎಲ್ಲರಿಗೂ ಟೀ ಮಾಡಿಕೊಟ್ಟಳು. ಆಫೀಸರಿಗೆ ಸಕ್ಕರೆ ಸ್ವಲ್ಪ ಹೆಚ್ಚಾಗಿಯೇ ಹಾಕಿದಳು. "ಟೀ ಅಂದ್ರೆ ಇದು" ಎಂದಿದ್ದರು ಅವರು. ಆ ಮಾತು ಅವಳಿಗೆ ರಾತ್ರಿಯವರೆಗೂ ಹಿತವಾಗಿತ್ತು. ಈಗಲೂ ನೆನೆದರೆ ಒಂದು ಕ್ಷಣ ಹಿತವಾಗಿಯೇ ಇರುತ್ತದೆ.

"ಅಣ್ಣ ಏನಂದ್ರು?" ಎಂದು ಕೇಳಿದಳು.

"ನಿಮ್ಮಣ್ಣ ಯಾವತ್ತು ಏನಂದಿದ್ದಾರೆ?"

ನಿಜ. ಕಳೆದ ವಾರ ಸಂಜೆ ಅಣ್ಣ ಬಂದಿದ್ದ. ಕೋಣೆಯೊಳಗೆ ಬರಲಿಲ್ಲ. ಮೆಟ್ಟಿಲ ಮೇಲೆ ಕೂತು, ಕೈಯನ್ನು ಕಾಲುವೆಯಲ್ಲಿ ಅದ್ದಿ, ಜ್ವರ ನೋಡುವವನ ಹಾಗೆ ಸ್ವಲ್ಪ ಹೊತ್ತು ಇಟ್ಟುಕೊಂಡು, "ತಣ್ಣಗಿದೆ" ಎಂದು ಎದ್ದು ಹೋದ. ಅವನು ಹೋದ ಮೇಲೆ ಅವಳು ಅಳತೆ ನೋಡಿ ಫೋನ್ ಮಾಡಿದ್ದಳು. ಕೆಂಪು ಗೆರೆಗೆ ಎರಡು ಬೆರಳು ಕಡಿಮೆ ಎಂದಿದ್ದಳು. ಆ ಎರಡು ಬೆರಳನ್ನು ಹೇಳುವಾಗ ತಾನು ಅಣ್ಣನಿಗೆ ಏನೋ ಉಪಕಾರ ಮಾಡುತ್ತಿದ್ದೇನೆ ಎಂದು ಅನ್ನಿಸಿತ್ತು. ಫೋನಿನ ಆ ಕಡೆಯ ಗುಮಾಸ್ತ, "ಆಯ್ತು" ಎಂದಿದ್ದ. ಅವನು ಎಲ್ಲಕ್ಕೂ ಆಯ್ತು ಎನ್ನುತ್ತಾನೆ. ಹೋದ ಬೇಸಿಗೆಯಲ್ಲಿ ಕಾಲುವೆ ಪೂರ್ತಿ ನಿಂತುಹೋದ ಮರುದಿನ ಅವಳು ಅಭ್ಯಾಸಬಲದಿಂದ ಮೆಟ್ಟಿಲಿಳಿದು, ಪಟ್ಟಿ ನೋಡಿ, ಬಂದು ಫೋನ್ ಮಾಡಿ, "ಒಂದು ಗೇಣು" ಎಂದುಬಿಟ್ಟಿದ್ದಳು. ತಳದಲ್ಲಿ ಧೂಳು ಸುತ್ತುತ್ತಿತ್ತು, ಒಂದು ನಾಯಿ ಮಲಗಿತ್ತು. ನಾಯಿ ಮಲಗಿದ್ದ ನೆಲಕ್ಕೆ ಸರಿಯಾಗಿ ಒಂದು ಗೇಣಿನ ಗೆರೆ ಇತ್ತು. "ಆಯ್ತು" ಎಂದಿದ್ದ ಗುಮಾಸ್ತ. ಫೋನ್ ಇಟ್ಟ ಮೇಲೆ ತಾನು ಹೇಳಿದ್ದೇನೆಂದು ಅವಳಿಗೆ ಹೊಳೆಯಿತು. ಮತ್ತೆ ಫೋನ್ ಮಾಡಿ ತಪ್ಪಾಯಿತು, ನೀರೇ ಇಲ್ಲ ಎಂದು ಹೇಳಬೇಕೆಂದುಕೊಂಡಳು. ಹೇಳಿದರೆ, ಹಾಗಾದರೆ ಪಟ್ಟಿ ಏನು ಹೇಳುತ್ತಿದೆ ಎಂದು ಕೇಳುತ್ತಾರೆ. ಪಟ್ಟಿ ಹೇಳುತ್ತಿದ್ದದ್ದು ಒಂದು ಗೇಣೇ. ಆ ದಿನ ಇಡೀ ಅವಳು ಊಟ ಮಾಡಲಿಲ್ಲ. ಸಂಜೆ ಸೆಕ್ಷನ್ ಆಫೀಸರೇ ಫೋನ್ ಮಾಡಿ ಮೆತ್ತಗೆ, "ಅಕ್ಕ, ಕಾಲುವೆ ಒಣಗಿದಾಗ ಓದಬೇಡಿ. ರಜ ಅಂದ್ಕೊಳ್ಳಿ" ಎಂದರು. ಬೈಯಲಿಲ್ಲ. ಅವರು ಯಾವತ್ತೂ ಬೈದವರಲ್ಲ. ಬಿಸಿಲಿಗೆ ಛತ್ರಿ ಕೊಡಿಸಿದವರು ಅವರೇ.

ಅತ್ತಿಗೆ ಎದ್ದು, ಕೋಣೆಯನ್ನೊಮ್ಮೆ ನೋಡಿದಳು. ಒಂದು ಹಾಸಿಗೆ, ಒಲೆ, ಗೋಡೆಯ ಗೂಡಿನಲ್ಲಿ ಕನ್ನಡಿ, ಕಿಟಕಿಯಾಚೆ ಕಾಲುವೆ. ಅವಳು ಎಷ್ಟು ಸಲ ಬಂದರೂ ಹೀಗೆ ಮೊದಲ ಸಲ ಬಂದವಳ ಹಾಗೆ ನೋಡುತ್ತಾಳೆ.

"ನಾನು ನಿನ್ನ ಹತ್ರ ಏನೂ ಕೇಳೋಕೆ ಬಂದಿಲ್ಲ. ಆಮೇಲೆ ನಾದಿನಿಯ ಕೆಲಸ ಕಳೆದಳು ಅಂತ ನನ್ನ ತಲೆಗೆ ಬರೋದು ಬೇಡ. ಕೆಲಸ ಹೋದ್ರೆ ಈ ಕೋಣೆ ಹೋಗುತ್ತೆ. ಕೋಣೆ ಹೋದ್ರೆ ನೀನು ಎಲ್ಲಿಗೆ ಬರ್ತೀಯ? ನಮ್ಮ ಮನೆಗೇ ತಾನೆ. ಅಡುಗೆ ಮನೆಗೂ ಬಚ್ಚಲಿಗೂ ಮಧ್ಯೆ ನಿನ್ನನ್ನ ದಾಟಿ ದಾಟಿ ನನ್ನ ಮೊಣಕಾಲು ಸವೆದಿದೆ."

"ಬರಲ್ಲ ಬಿಡಿ."

"ಬರಬೇಡ ಅಂತ ಅಂದೆನಾ ಈಗ? ನಿನಗೆ ಯಾವ ಮಾತೂ ನೆಟ್ಟಗೆ ಕೇಳಿಸಲ್ಲ" ಎಂದಳು ಅತ್ತಿಗೆ. ಬಾಗಿಲಲ್ಲಿ ನಿಂತು, ಕೋಪವೋ ಬೇಸರವೋ ಗೊತ್ತಾಗದ ದನಿಯಲ್ಲಿ, "ತಿಂಡಿ ತಿಂದು ಹೋಗು. ಖಾಲಿ ಹೊಟ್ಟೆಯಲ್ಲಿ ಕೂಗಿದ್ರೆ ತಲೆ ಸುತ್ತುತ್ತೆ" ಎಂದು ಹೊರಟಳು. ಸೀಳಿದ ದಂಟನ್ನು ಹಾಸಿಗೆಯ ಮೇಲೆಯೇ ಬಿಟ್ಟಿದ್ದಳು. ಬಿಟ್ಟದ್ದೋ, ಮರೆತದ್ದೋ.

ದಾಟಿ ದಾಟಿ ಎಂಬ ಮಾತು ಕಿವಿಯಲ್ಲಿ ಉಳಿಯಿತು. ಆ ಮನೆಯಲ್ಲಿ ಅವಳ ಚಾಪೆ ನಡುದಾರಿಯಲ್ಲಿ ಇರುತ್ತಿತ್ತು. ಮನೆಯವರು ರಾತ್ರಿ ಎದ್ದರೆ ಅವಳನ್ನು ದಾಟಬೇಕು. ಅಣ್ಣ ದಾಟುವಾಗ ಉಸಿರು ಬಿಗಿಹಿಡಿಯುತ್ತಿದ್ದ, ಮಕ್ಕಳು ಹಾರುತ್ತಿದ್ದರು, ಅತ್ತಿಗೆ ದಾಟುವಾಗ, ಇಲ್ಲೊಬ್ಬಳಿದ್ದಾಳೆ ಎಂದು ತನಗೇ ಹೇಳಿಕೊಳ್ಳುವವಳ ಹಾಗೆ ಗೊಣಗುತ್ತಿದ್ದಳು. ಕೆಟ್ಟವರಲ್ಲ. ಬಡಿಸುವಾಗ ಯಾವತ್ತೂ ಕೈ ಬಿಗಿ ಹಿಡಿದವರಲ್ಲ. ಆದರೆ ದಿನವೂ ದಾಟಿಸಿಕೊಳ್ಳುವ ದೇಹಕ್ಕೆ ನಿದ್ದೆಯಲ್ಲೂ ಒಂದು ಸಂಕೋಚ ಅಂಟಿಕೊಳ್ಳುತ್ತದೆ. ಅವಳು ಮಗ್ಗುಲು ಬದಲಿಸುವಾಗಲೂ ಕಾಲು ಮಡಚಿಕೊಂಡೇ ಬದಲಿಸುತ್ತಿದ್ದಳು. ಈ ಕೋಣೆಗೆ ಬಂದ ಮೊದಲ ದಿನ ಬಾಗಿಲು ಹಾಕಿ, ಚಿಲಕ ಹಾಕಿ, ಮತ್ತೆ ತೆಗೆದು, ಮತ್ತೆ ಹಾಕಿದಳು. ಹೊರಗೆ ಕಾಲುವೆ ಹರಿಯುತ್ತಿತ್ತು. ನೀರಿಗೆ ಅವಳನ್ನು ದಾಟುವ ಅಗತ್ಯವಿರಲಿಲ್ಲ. ಕಾಲು ಚಾಚಿ ಮಲಗಿದಳು. ಬೆಳಿಗ್ಗೆ ಎದ್ದಾಗ ಕಾಲು ಚಾಚಿದ ಹಾಗೆಯೇ ಇತ್ತು. ಇದನ್ನು ಅವಳು ಯಾರಿಗೂ ಹೇಳಿಲ್ಲ. ಕಾಲು ಚಾಚಿ ಮಲಗಿದೆ ಎಂದರೆ ಯಾರಾದರೂ ಏನು ಹೇಳಿಯಾರು, ಆಯ್ತು ಎನ್ನುತ್ತಾರೆ.

ತಿಂಡಿ ಸೇರಲಿಲ್ಲ. ಕಿಟಕಿಯ ಹತ್ತಿರ ನಿಂತು ಮೆಲ್ಲಗೆ ಕೂಗಿ ನೋಡಿದಳು: ನೀರು ಕೆಂಪು ಗೆರೆಗೆ ಇದೆ. ದನಿ ಚೆನ್ನಾಗಿಯೇ ಬಂತು. ಗೆರೆಗೆ ಇದೆ ಎನ್ನಬೇಕೋ, ಗೆರೆ ಮುಟ್ಟಿದೆ ಎನ್ನಬೇಕೋ. ಗೆರೆಗೆ ಇದೆ ಎಂದರೆ ಸ್ವಲ್ಪ ಕಡಿಮೆ ತಪ್ಪು ಎಂದು ಅನ್ನಿಸಿತು. ತಪ್ಪೇ ಇಲ್ಲದ ಕಡೆ ಕಡಿಮೆ ಎಲ್ಲಿಂದ ಬಂತು ಎಂದು ತನ್ನನ್ನೇ ಗದರಿಕೊಂಡಳು.

ಜೀಪು ಬಂದಾಗ ಬಿಸಿಲು ಏರಿತ್ತು. ದೊಡ್ಡ ಸಾಹೇಬರು ನಿಜವಾಗಿ ಸಣ್ಣ ಮನುಷ್ಯ. ಹೊಟ್ಟೆ ಕೆಟ್ಟ ಮುಖ ಮಾಡಿಕೊಂಡು ಇಳಿದರು. ಸೆಕ್ಷನ್ ಆಫೀಸರು ಹಿಂದಿನಿಂದ ಇಳಿದು ಅವಳಿಗೆ ಕಣ್ಣಲ್ಲೇ ನಮಸ್ಕಾರದ ಸೂಚನೆ ಕೊಟ್ಟರು, ಅವಳು ಕೈ ಮುಗಿದಳು. ಸಾಹೇಬರ ಫೋನು ಹೊಡೆದುಕೊಂಡಿತು. ಬಿಸಿಲಲ್ಲಿ ಮಾತಾಡಲಾರದೆ ಸುತ್ತ ನೋಡಿ, ತೆರೆದಿದ್ದ ಬಾಗಿಲು ಕಂಡು, ನೇರ ಅವಳ ಕೋಣೆಯೊಳಗೆ ಹೋದರು. ಬೂಟು ಬಿಚ್ಚಲಿಲ್ಲ. ಹಾಸಿಗೆಯ ಮೇಲೆ ಕೂತು, ಆಮೇಲೆ ಒರಗಿ, ಮಗಳೋ ಹೆಂಡತಿಯೋ ಯಾರ ಹತ್ತಿರವೋ ಪರದೆಯ ಬಟ್ಟೆಯ ಬಣ್ಣದ ಬಗ್ಗೆ ಬಹಳ ಹೊತ್ತು ಮಾತಾಡಿದರು. ಅವಳು ತನ್ನ ಬಾಗಿಲ ಹೊರಗೆ ನಿಂತಿದ್ದಳು. ಒಳಗೆ ಹೋಗುವ ಹಾಗಿಲ್ಲ, ಕೂರುವ ಹಾಗೂ ಇಲ್ಲ. ಭತ್ತದ ದಂಟು ಅವರ ಬೆನ್ನ ಕೆಳಗೆ ಸಿಕ್ಕಿತ್ತು. ಅವರು ಅದನ್ನು ಎಳೆದು ನೋಡಿ, ಏನೆಂದು ತಿಳಿಯದೆ, ಕಿಟಕಿಯಿಂದ ಹೊರಗೆ ಹಾಕಿ, "ತಿಳಿ ಹಸಿರೇ ಇರಲಿ" ಎಂದರು ಫೋನಿಗೆ.

"ಒಳ್ಳೆ ಮನುಷ್ಯ, ಹೆದರಬೇಡಿ" ಎಂದರು ಸೆಕ್ಷನ್ ಆಫೀಸರು ಮೆಲ್ಲಗೆ. ಅವರ ಅಂಗಿಯ ಬೆನ್ನು ಬೆವರಿನಿಂದ ಅಂಟಿತ್ತು. "ಮೇಲಿನ ಕಬ್ಬಿನವರು ನಮ್ಮ ಮಂತ್ರಿಗಳ ಬೀಗರು. ನನ್ನ ಕೈಯಲ್ಲಿ ಏನಿದೆ ಹೇಳಿ. ನಿಮ್ಮ ಕೈಯಲ್ಲಿ ಏನಿದೆ. ನೀವು ಇದ್ದದ್ದು ಓದೋದು, ನಾನು ಕೇಳೋದು."

"ಹೌದು ಸಾರ್."

"ಇವತ್ತೊಂದು ಮುಗಿದ್ರೆ ಕೋಣೆಗೆ ಸುಣ್ಣ ಹೊಡೆಸ್ತೀನಿ. ಬಾಗಿಲೂ ಹಳೇದಾಯ್ತು."

"ಬಾಗಿಲು ಚೆನ್ನಾಗಿದೆ ಸಾರ್" ಎಂದಳು.

ಸಾಹೇಬರು ಹೊರಬಂದು ದಡದ ಮೇಲೆ ಛತ್ರಿಯ ಕೆಳಗೆ ನಿಂತರು. ಛತ್ರಿ ಅವಳದ್ದೇ, ಆಫೀಸರು ಹಿಡಿದಿದ್ದರು. ಅವಳು ಮೆಟ್ಟಿಲಿಳಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೊನೆಯ ಮೆಟ್ಟಿಲಲ್ಲಿ, ನೀರು ಪಾದಕ್ಕೆ ತಾಗುವ ಕಡೆ ನಿಂತಳು. ನೀರು ಕೆಂಪು ಗೆರೆಯನ್ನು ಮುಟ್ಟಿತ್ತು. ಬೆರಳೂ ಹೆಚ್ಚಿಲ್ಲ, ಬೆರಳೂ ಕಡಿಮೆಯಿಲ್ಲ. ಅದರಿಂದ ಒಂದು ಗೇಣು ಮೇಲೆ ಗೋಡೆಯಲ್ಲಿ ಹಳೆಯ ಸ್ಕ್ರೂ ಕೂರುತ್ತಿದ್ದ ತೂತುಗಳಿದ್ದವು. ತುಕ್ಕಿನ ಕಲೆ ಅವುಗಳಿಂದ ಕೆಳಗಿಳಿದು ಗೋಡೆಗೆ ಕಣ್ಣೀರಿಟ್ಟ ಮುಖ ಬರೆದಿತ್ತು. ದಿನಕ್ಕೆ ಎರಡು ಸಲ ಇಲ್ಲಿ ನಿಂತರೂ ಅವಳು ಅವುಗಳನ್ನು ನೋಡದೇ ಇರುವುದನ್ನು ರೂಢಿ ಮಾಡಿಕೊಂಡಿದ್ದಳು. ತಗಡು ಎಲ್ಲಿ ಮುಗಿಯುತ್ತದೋ ಅಲ್ಲಿಗೆ ಕಣ್ಣು ಮುಗಿಯಬೇಕು. ಇವತ್ತು ಬಾಯಿ ತೆರೆಯಲು ತಲೆ ಎತ್ತಬೇಕಾಯಿತು, ತಲೆ ಎತ್ತಿದ್ದರಿಂದ ಕಂಡವು. ಒಂದು ತೂತಿನಲ್ಲಿ ಜೇಡ ಮನೆ ಮಾಡಿತ್ತು. ಒಣಗಿದ ಜಾಗ, ನೆಮ್ಮದಿಯ ಜಾಗ. ಅಲ್ಲಿಗೆ ನೀರು ಬರುವುದಿಲ್ಲವೆಂದು ಅದಕ್ಕೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅವಳು ಜೇಡವನ್ನೇ ನೋಡುತ್ತಿದ್ದಳು. ಮೇಲಿನಿಂದ ಸೆಕ್ಷನ್ ಆಫೀಸರು ಕೆಮ್ಮಿದರು. ಆಮೇಲೆ ಮೆತ್ತಗೆ, ಶಾಲೆಯಲ್ಲಿ ಪದ್ಯ ಮರೆತ ಮಗುವಿಗೆ ಮೊದಲ ಪದ ಎತ್ತಿಕೊಡುವವರ ಹಾಗೆ, "ಕೆಂಪು ಗೆರೆ..." ಎಂದರು.

ಅವಳು ತಿರುಗಿ ನೋಡಿದಳು. ಅವರು ನಗುತ್ತಿದ್ದರು, ಪ್ರೋತ್ಸಾಹದ ನಗು. ಅವರು ನೀರಿನ ಕಡೆ ನೋಡಿಯೇ ಇರಲಿಲ್ಲ. ಅವರು ನಿಂತ ಜಾಗದಿಂದ ಪಟ್ಟಿ ಕಾಣಿಸುವುದೂ ಇಲ್ಲ. ಅವಳಿಗೆ ಮೊದಲು ಅವಮಾನವೂ ಆಗಲಿಲ್ಲ, ಕೋಪವೂ ಬರಲಿಲ್ಲ. ಕೆನ್ನೆ ಮಾತ್ರ ಬಿಸಿಯಾಯಿತು. ಇಷ್ಟು ದಿನ ಇದ್ದದ್ದನ್ನು ಓದುತ್ತೇನೆ ಎಂದುಕೊಂಡಿದ್ದಳು. ಪಟ್ಟಿ ಸುಳ್ಳಾದರೂ ಕಣ್ಣು ತನ್ನದು, ಕಣ್ಣು ಕಂಡದ್ದು ನಿಜ, ಆ ನಂಬಿಕೆಯಲ್ಲೇ ಒಂದು ಚಾಪೆಯಗಲದ ಜಾಗ ಮಾಡಿಕೊಂಡು ಕಾಲು ಚಾಚಿದ್ದಳು. ಅವರಿಗೆ ಅವಳ ಕಣ್ಣು ಬೇಕಾಗಿರಲಿಲ್ಲ. ನೀರು ಎಲ್ಲಿದ್ದರೂ ಕೂಗು ಇದೇ ಆಗಿರುತ್ತಿತ್ತು. ಬೇಕಾಗಿದ್ದದ್ದು ಬಾಯಿ, ಅದೂ ಇಲಾಖೆಯ ಪದ್ಧತಿ ಇರುವುದರಿಂದ. ಅವರು ಇಷ್ಟು ದಿನ ಅವಳನ್ನು ದಾಟಿಕೊಂಡೇ ಓಡಾಡಿದ್ದರು, ಮೆತ್ತಗೆ, ಕಾಲು ತಗುಲದ ಹಾಗೆ, ಅಕ್ಕ ಎನ್ನುತ್ತ.

"ಏನಮ್ಮ, ಎಷ್ಟಿದೆ?" ಎಂದರು ದೊಡ್ಡ ಸಾಹೇಬರು.

ಅವಳು ಬಾಯಿ ತೆರೆದಳು. ಬೆಳಿಗ್ಗೆ ಕಿಟಕಿಯಲ್ಲಿ ಚೆನ್ನಾಗಿ ಬಂದಿದ್ದ ಮಾತು ಬಾಯೊಳಗೆ ಸಿದ್ಧವಾಗಿಯೇ ಇತ್ತು. ಅದನ್ನು ನಾಲಿಗೆಯಿಂದ ಒಮ್ಮೆ ತಿರುಗಿಸಿ ನೋಡಿ, ಬಾಯಿ ಮುಚ್ಚಿದಳು.

"ಕಣ್ಣು ಮಂಜೇನು ಇವರಿಗೆ?" ಎಂದರು ಸಾಹೇಬರು ಆಫೀಸರಿಗೆ.

"ಇಲ್ಲ ಸಾರ್" ಎಂದಳು ಅವಳೇ. "ಕಾಣಿಸ್ತಿದೆ."

"ಕಾಣಿಸಿದ್ದನ್ನ ಹೇಳಿ ಮತ್ತೆ."

"ಹೇಳಲ್ಲ ಸಾರ್."

ಸಾಹೇಬರು ಕೋಪ ಮಾಡಿಕೊಳ್ಳಲಿಲ್ಲ. ವಾಚು ನೋಡಿಕೊಂಡರು. ಆಫೀಸರು ಛತ್ರಿಯನ್ನು ಡ್ರೈವರ್ ಕೈಗೆ ಕೊಟ್ಟು ಎರಡು ಮೆಟ್ಟಿಲು ಇಳಿದು ಬಂದರು. ಬೂಟು ನೆನೆಯುತ್ತದೆಂದು ಅಲ್ಲೇ ನಿಂತರು.

"ಅಕ್ಕ, ಏನು ತಮಾಷೆ ಇದು? ಇರೋದನ್ನ ತಾನೆ ಓದಿ ಅಂತಿರೋದು. ನಿಮ್ಮ ಹತ್ರ ಯಾರಾದ್ರೂ ಸುಳ್ಳು ಹೇಳಿ ಅಂದ್ರಾ?"

"ಇಲ್ಲ ಸಾರ್."

"ನೀರು ಗೆರೆ ಮುಟ್ಟಿದೆಯೋ ಇಲ್ವೋ?"

ಅವಳು ಮತ್ತೆ ಪಟ್ಟಿಯ ಕಡೆ ತಿರುಗಿದಳು. ಮುಟ್ಟಿದೆ ಎಂದರೆ ಅದೇ ಕೂಗಾಗುತ್ತದೆ. ಇಲ್ಲ ಎಂದರೆ ಸುಳ್ಳಾಗುತ್ತದೆ.

"ಇವತ್ತು ನೀವು ಕೂಗದಿದ್ರೆ ಸರದಿ ಮುಗಿಯಲ್ಲ. ಗೇಟು ಹೀಗೇ ಇರುತ್ತೆ. ಸಾಹೇಬರು ಮತ್ತೆ ಇನ್ನೊಂದು ದಿನ ಬರಬೇಕು. ಅದು ಗೊತ್ತು ತಾನೆ?"

"ಗೊತ್ತು ಸಾರ್."

"ಕೋಣೆ ಬಿಡಬೇಕಾಗುತ್ತೆ. ನಾನು ಹೇಳ್ತಿಲ್ಲ, ನಿಯಮ ಹೇಳುತ್ತೆ."

ಅವಳು ಒಂದು ಸಲ ಕೋಣೆಯ ಕಡೆ ನೋಡಿದಳು. ಕೆಳಗಿನಿಂದ ಬಾಗಿಲ ಮೇಲಿನ ಅರ್ಧ ಮಾತ್ರ ಕಾಣುತ್ತಿತ್ತು. ಅಣ್ಣನ ಮನೆಯ ನಡುದಾರಿಯ ನೆಲದ ತಂಪು ಬೆನ್ನಿಗೆ ನೆನಪಾಯಿತು. ಇದನ್ನು ಭತ್ತಕ್ಕೋಸ್ಕರ ಮಾಡುತ್ತಿದ್ದೇನೆಯೇ ಎಂದು ಕೇಳಿಕೊಂಡಳು. ಅಷ್ಟು ದೊಡ್ಡ ಮನಸ್ಸು ತನಗಿದೆ ಎಂದು ಅನ್ನಿಸಲಿಲ್ಲ. ಅತ್ತಿಗೆ ಇದನ್ನು ಕೇಳಿದರೆ ಏನೆನ್ನುತ್ತಾಳೆಂದು ಯೋಚಿಸಿದಳು. ಚಾಪೆ ಹುಡುಕುತ್ತ ಬೈಯುತ್ತಾಳೆ.

"ಗೊತ್ತು ಸಾರ್" ಎಂದಳು.

ಆಫೀಸರ ಮುಖದಲ್ಲಿ ಮೊದಲ ಸಲ ಒಂದು ಗಲಿಬಿಲಿ ಕಂಡಿತು, ಮನೆಯ ಮೇಜು ಇದ್ದಕ್ಕಿದ್ದ ಹಾಗೆ ಮಾತಾಡಿದರೆ ಆಗುವಂಥದ್ದು. ಆದರೂ ಅವರು ಒಳ್ಳೆಯವರು. ಸಾಹೇಬರ ಕಡೆ ತಿರುಗಿ ದನಿ ಏರಿಸಿ, "ಬಿಸಿಲು ಸಾರ್. ಬೆಳಿಗ್ಗೆಯಿಂದ ಹುಷಾರಿಲ್ಲ ಅವರಿಗೆ. ತಲೆಸುತ್ತು" ಎಂದರು. ಆಮೇಲೆ ಅವಳಿಗೆ, ತುಟಿ ಅಲ್ಲಾಡದ ಹಾಗೆ, "ಹೌದು ಅನ್ನಿ. ಮೇಲೆ ಬಂದು ನೆರಳಲ್ಲಿ ಕೂತ್ಕೊಳ್ಳಿ. ಒಂದು ಲೋಟ ನೀರು ಕುಡಿದು ಆಮೇಲೆ ಓದಿದ್ರಾಯ್ತು. ಯಾರೂ ಏನೂ ಅನ್ನಲ್ಲ. ಬನ್ನಿ ಅಕ್ಕ" ಎಂದು ಕೈ ಚಾಚಿದರು.

ಚಾಚಿದ ಕೈ ಚೊಕ್ಕಟವಾಗಿತ್ತು. ಅವಳು ಅದನ್ನು ನೋಡಿದಳು. ಪಾದದ ಮೇಲೆ ನೀರು ಹರಿಯುತ್ತಿತ್ತು, ತಣ್ಣಗಿತ್ತು.

"ತಲೆಸುತ್ತು ಇಲ್ಲ ಸಾರ್" ಎಂದಳು, ದಡದ ಮೇಲಿನವರಿಗೂ ಕೇಳುವಷ್ಟು ಗಟ್ಟಿಯಾಗಿ. "ಹುಷಾರಾಗಿದ್ದೀನಿ. ಓದಲ್ಲ."